ಎರಡು ಬಾಗಿಲಿನ ಕಾರು, ಮೇಸ್ತ್ರಿಯ ಕೈ

ಈ ಸಲದ ಮಳೆಗೆ ನಮ್ಮ ಬಟ್ಟೆ ಬೀರುವಿಗೆ ಬೂಷ್ಟು ಹಿಡಿದದ್ದು ನೋಡಿ ನನ್ನ ಹೆಂಡತಿ ಎಲ್ಲಿಂದಲೋ ಒಂದು ಹಳೇ ನಲವತ್ತು ಕ್ಯಾಂಡಲ್ ಬಲ್ಬು ಹುಡುಕಿ ತಂದಳು. ಮಳೆಗಾಲದಲ್ಲಿ ಬೀರುವಿನೊಳಗೆ ಬಲ್ಬು ಉರಿಸಿಡುವುದು ನಮ್ಮ ಕಡೆ ಹೊಸದೇನಲ್ಲ, ಅದರ ಕಾವಿಗೆ ಬಟ್ಟೆಬರೆ ಒಣಗಿರುತ್ತದೆ. ಈಗಿನ ಬಿಳೀ ಬಲ್ಬುಗಳಲ್ಲಿ ಬೆಳಕು ಬೇಕಾದಷ್ಟಿದೆ, ಕಾವು ಮಾತ್ರ ಇಲ್ಲ. ಸ್ವಿಚ್ ಹಾಕಿ ಅರ್ಧ ಗಂಟೆ ಬಿಟ್ಟು ಬೀರು ತೆರೆದೆ ನೋಡಿ... ಬೆಚ್ಚಗಾದ ಬೂಷ್ಟು, ನುಸಿಗುಳಿಗೆ, ಕೆಳಗಿನ ಖಾನೆಯಲ್ಲಿದ್ದ ರೆಕ್ಸಿನ್ ಚೀಲ, ಮೂರೂ ಸೇರಿ ಒಂದು ವಾಸನೆ ಮುಖಕ್ಕೆ ಹೊಡೆಯಿತು. ಬಾಗಿಲು ದಡಾರನೆ ಮುಚ್ಚಿದೆ. ಅದು ಇಪ್ಪತ್ತು ವರ್ಷದ ಹಿಂದೆ ನನ್ನ ಹತ್ತಿರ ಇದ್ದ ಕಾರಿನ ವಾಸನೆ.

ಶೆಡ್ಡಿನಲ್ಲಿ ನಿಂತ ಕಾರಿನೊಳಗೂ ಹೀಗೇ ಬಲ್ಬು ಉರಿಸಿಡಬೇಕು ಎಂದು ನನಗೆ ಹೇಳಿಕೊಟ್ಟವರು ಗ್ಯಾರೇಜ್ ಮೇಸ್ತ್ರಿ. ಅವರನ್ನು ನೆನೆಯದೆ ಇರುವುದಕ್ಕೆ ನಾನು ಇಷ್ಟು ವರ್ಷ ಪಟ್ಟ ಪಾಡು ಅಷ್ಟಿಷ್ಟಲ್ಲ. ಒಂದು ಬಲ್ಬು ಎಲ್ಲವನ್ನೂ ಹಾಳು ಮಾಡಿತು. ಹೆಂಡತಿ ನನ್ನ ಮುಖ ನೋಡಿದಳು. ಈ ವಿಷಯದಲ್ಲಿ ಅವಳು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ನನ್ನದು ಮೂಡಿಗೆರೆ ಪೇಟೆಯಲ್ಲಿ ಬಟ್ಟೆ ಅಂಗಡಿ, ಅಪ್ಪನ ಕಾಲದ್ದು. ಬಟ್ಟೆ ಅಂಗಡಿಯವನು ಎಂದರೆ ಗೊತ್ತಾಗದವರಿಗೂ ಆಗ ಕೆಂಪು ಕಾರಿನವನು ಎಂದರೆ ಥಟ್ಟನೆ ಗೊತ್ತಾಗುತ್ತಿತ್ತು. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ, ಓಟದ ಕಾರು. ಜಪಾನಿನದು. ಮುಂದಿನ ದೀಪಗಳು ಬಾನೆಟ್ಟಿನೊಳಗೆ ಮಡಚಿಕೊಂಡಿರುತ್ತಿದ್ದವು, ಗುಂಡಿ ಒತ್ತಿದರೆ ಎದ್ದು ಕಣ್ಣು ಬಿಡುತ್ತಿದ್ದವು. ಅದನ್ನು ಅತ್ತಿಗುಂಡಿಯ ಕಡೆಯ ಒಬ್ಬ ಎಸ್ಟೇಟ್ ಧಣಿ ಯಾವ ಕಾಲದಲ್ಲೋ ತರಿಸಿಕೊಂಡು, ಕಾಡುದಾರಿಯ ರೇಸಿನಲ್ಲಿ ಓಡಿಸಿ, ವಯಸ್ಸಾದ ಮೇಲೆ ಶೆಡ್ಡಿಗೆ ತಳ್ಳಿದ್ದರು. ನನಗೆ ಆಗ ಮೂವತ್ತೈದು. ಹೈಸ್ಕೂಲಿನಲ್ಲಿದ್ದಾಗ ಆ ಕಾರು ಪೇಟೆಯೊಳಗೆ ಗರ್ರೆಂದು ಹೋದದ್ದನ್ನು ಒಮ್ಮೆ ನೋಡಿದ್ದವನು, ಧಣಿ ಅದನ್ನು ಕೊಡುತ್ತಾರಂತೆ ಎಂದು ಕಿವಿಗೆ ಬಿದ್ದದ್ದೇ ತಡ, ಅನ್ನ ಸೇರದವನಾದೆ.

ಅಪ್ಪ ಇದ್ದರು ಆಗ. ಒಂದೇ ಮಾತು ಕೇಳಿದರು: “ಅದರಲ್ಲಿ ಬಟ್ಟೆ ಮೂಟೆ ಎಲ್ಲಿ ಇಡ್ತೀಯ?” “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದು ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳಿಗೆ ಕೇಳುವ ಹಾಗೆ ಹೇಳಿದರು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ನಮ್ಮ ಬೀದಿಗೆಲ್ಲ ಗೊತ್ತಿದ್ದದ್ದೇ, ಮೂಗಿನ ತುದಿಯಲ್ಲೇ ಇರುತ್ತಿತ್ತು.

ಕಾರು ನೋಡಲು ಹೋಗುವಾಗ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆಯ ಏರಿನಲ್ಲಿ ತಗಡಿನ ಮಾಡಿನ ಅವರ ಗ್ಯಾರೇಜು ಇತ್ತು. ನನಗಿಂತ ಹನ್ನೆರಡು ಹದಿಮೂರು ವರ್ಷ ದೊಡ್ಡವರು. ಒಣಕಲು ಮೈ, ಮೊಣಕಾಲವರೆಗಿನ ಖಾಕಿ ಚಡ್ಡಿ, ಕಿವಿಯ ಮೇಲೆ ಸದಾ ಒಂದು ಸೀಸದ ಕಡ್ಡಿ. ಎಂಜಿನ್ನಿಗೆ ಉದ್ದದ ಸ್ಕ್ರೂಡ್ರೈವರ್ ಚುಚ್ಚಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಸ್ಟೇಟ್ ಜೀಪುಗಳೆಲ್ಲ ಅವರ ಹತ್ತಿರವೇ ಬರುತ್ತಿದ್ದವು. ಘಾಟಿ ಇಳಿಯುವ ಗಾಡಿಗೆ ಬ್ರೇಕು ಮಾಡಿಸಬೇಕಾದರೆ ಅವರ ಕೈಯಲ್ಲೇ ಆಗಬೇಕು ಎನ್ನುವುದು ಮೂಡಿಗೆರೆಯಿಂದ ಕಳಸದವರೆಗೂ ಇದ್ದ ಮಾತು. ಡಾಕ್ಟರಿಗೆ ಕೈಗುಣ ಎನ್ನುತ್ತಾರಲ್ಲ, ಅವರ ವಿಷಯದಲ್ಲೂ ಜನ ಅದೇ ಪದ ಹೇಳುತ್ತಿದ್ದರು.

ಧಣಿಯ ಕಾಫಿ ಕಣದಲ್ಲಿ ಕಾರನ್ನು ತಳ್ಳಿ ತಂದು ನಿಲ್ಲಿಸಿದರು. ಮೇಸ್ತ್ರಿ ಗೋಣಿತಾಟು ಹಾಸಿಕೊಂಡು ಅದರ ಕೆಳಗೆ ಮಲಗಿದವರು ಒಂದು ಗಂಟೆ ಏಳಲಿಲ್ಲ. ಎದ್ದಾಗ ಮೈಯೆಲ್ಲ ತುಕ್ಕಿನ ಪುಡಿ, ಕಾಲಿನಲ್ಲಿ ರಕ್ತ ಹೀರುತ್ತಿದ್ದ ಎರಡು ಇಂಬಳ. ನನ್ನನ್ನು ಬದಿಗೆ ಕರೆದು, “ಬೇಡ ಮಾರಾಯ್ರೇ,” ಎಂದರು. “ಇದು ಕಾರಲ್ಲ, ಇನ್ನೊಂದು ಸಂಸಾರ. ಒಂದು ರಬ್ಬರ್ ಬೇಕಾದ್ರೂ ಸಿಗೂದಿಲ್ಲ. ನಿಮ್ಗೆ ಒಂದು ಸಂಸಾರ ಉಂಟಲ್ಲ, ಸಾಕು.”

ನಾನು ಕೊಂಡೆ. ಮೇಸ್ತ್ರಿ ನಕ್ಕು, “ತಗೊಂಡಾಯ್ತಲ್ಲ, ಇನ್ನು ಬಯ್ಯೂದಿಲ್ಲ. ಬನ್ನಿ, ಹಗ್ಗ ಕಟ್ಟಿ,” ಎಂದು ತಮ್ಮ ಜೀಪಿನ ಹಿಂದೆ ಅದನ್ನು ಎಳೆದುಕೊಂಡು ಬಂದರು. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ, ಮದುವಣಿಗನ ಹಾಗೆ. ಆ ದಿನದ ಸಂತೋಷವನ್ನು ಸುಳ್ಳು ಎನ್ನಲಾರೆ. ಮುಂದೆ ಏನೇ ಆಗಿರಲಿ, ಆ ದಿನ ಮಾತ್ರ ನನ್ನ ಬದುಕಿನಲ್ಲಿ ಚೆನ್ನಾಗಿದ್ದ ದಿನ.

ಆಮೇಲೆ ಶುರುವಾಯಿತು ಪರದಾಟ. ಸೀಲ್ ರಬ್ಬರುಗಳು ಸತ್ತು ಹೋಗಿ ಮಳೆ ಬಂದರೆ ಹಿಂದಿನ ದೀಪದೊಳಗೆ ನೀರು ನಿಲ್ಲುತ್ತಿತ್ತು. ನೆಲದ ಕಾರ್ಪೆಟ್ಟಿನಲ್ಲಿ ಇಂಬಳ ಮನೆ ಮಾಡಿದ್ದವು. ಇಲಿ ವೈರು ಕಡಿಯುತ್ತಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ಉಜ್ಜಿ ಕಿರ್ರೆನ್ನುತ್ತಿತ್ತು. ಬಾಗಿಲುಗಳೋ ಇಷ್ಟುದ್ದ, ಸಂತೆ ದಿನ ಪೇಟೆಯಲ್ಲಿ ನಿಲ್ಲಿಸಿದರೆ ಪೂರ್ತಿ ತೆರೆಯಲಾಗದೆ ನಾನು ಕಿಟಕಿಯಿಂದ ಹೊರಗೆ ಬಂದದ್ದೂ ಇದೆ. ಮಂಜು ಬಿದ್ದ ದಿನ ಒಂದು ದೀಪ ಏಳುತ್ತಿತ್ತು, ಇನ್ನೊಂದು ಏಳುತ್ತಿರಲಿಲ್ಲ. ಕಾರು ದಾರಿಯಲ್ಲಿ ಹೋಗುವ ಹೆಂಗಸರಿಗೆ ಕಣ್ಣು ಹೊಡೆಯುತ್ತದೆ ಎಂದು ಎದುರು ಅಂಗಡಿಯವರು ಗೇಲಿ ಮಾಡುತ್ತಿದ್ದರು. ಮೇಸ್ತ್ರಿ ಯಾವುದೋ ಲಾರಿಯ ವೈಪರ್ ಮೋಟರ್ ತಂದು ಜೋಡಿಸಿ, ಸೈಕಲ್ ಕಡ್ಡಿ ಬಗ್ಗಿಸಿ ಸಿಕ್ಕಿಸಿ, ಆ ಕಣ್ಣನ್ನೂ ಎಬ್ಬಿಸಿದರು. ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಒಂದು ಸಣ್ಣ ಸಾಮಾನಿಗಾಗಿ ಇಡೀ ದಿನ ಅಲೆದು ರಾತ್ರಿ ಬಸ್ಸಿಗೆ ವಾಪಸು ಬಂದವರು ಅವರು. ಕೇಳಿದರೆ, “ನಂಗೂ ಒಂದು ಹುಚ್ಚು ಬೇಕಲ್ಲ ಮಾರಾಯ್ರೇ, ಬರೀ ಜೀಪು ನೋಡಿ ನೋಡಿ ಬೇಜಾರು,” ಎನ್ನುತ್ತಿದ್ದರು. ಕಾರು ನನ್ನದಾಗಿತ್ತು ನಿಜ, ಆದರೆ ಅದರ ಒಳಗೆ ಏನಿದೆ ಎಂಬುದು ಗೊತ್ತಿದ್ದದ್ದು ಅವರಿಗೆ ಮಾತ್ರ.

ಇಲ್ಲಿ ಒಂದು ವಿಷಯ ಹೇಳಬೇಕು, ಯಾಕೆಂದರೆ ಎಲ್ಲವೂ ನಿಂತಿರುವುದು ಅದರ ಮೇಲೆ. ನಮ್ಮ ಕಡೆ ಮಳೆಗಾಲದಲ್ಲಿ ಹಳೇ ಗಾಡಿಗೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸುವುದಿಲ್ಲ. ಥಂಡಿಗೆ ಕೇಬಲ್ ತುಕ್ಕು ಹಿಡಿದು, ಎಳೆದದ್ದು ಹಾಗೇ ಕಚ್ಚಿಕೊಂಡುಬಿಡುತ್ತದೆ. ಬೆಳಿಗ್ಗೆ ಗಾಡಿ ಅಲ್ಲಾಡುವುದಿಲ್ಲ. ಅದಕ್ಕೇ ಬ್ರೇಕ್ ಎಳೆಯದೆ ಗಾಲಿಗೆ ಕಲ್ಲು ಕೊಡುವುದು ರೂಢಿ. ಡ್ರೈವರ್ ಕಾಲಿನ ಬ್ರೇಕ್ ಒತ್ತಿಕೊಂಡು ಕೂತಿರುತ್ತಾನೆ, ಪಕ್ಕದಲ್ಲಿ ಕೂತವರು ಇಳಿದು ಕಲ್ಲು ಕೊಟ್ಟು “ಆಯ್ತು” ಎನ್ನುತ್ತಾರೆ, ಆಗ ಡ್ರೈವರ್ ಇಳಿಯುತ್ತಾನೆ. ನನ್ನ ಕಾರಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳು ನನ್ನ ಹೆಂಡತಿ. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೋದಾಗಲೂ ಕಾಲ ಬುಡದಲ್ಲಿದ್ದ ಕಲ್ಲನ್ನು ಎತ್ತಿಕೊಂಡು ಇಳಿದು ಗಾಲಿಗೆ ಕೊಡುತ್ತಿದ್ದಳು. ಬೇಸಿಗೆಯಲ್ಲೂ ಆ ಕೇಬಲನ್ನು ನಂಬುವ ಹಾಗಿರಲಿಲ್ಲ, ಒಬ್ಬನೇ ಹೋದರೆ ಸಮತಟ್ಟು ಜಾಗ ನೋಡಿ ನಿಲ್ಲಿಸುತ್ತಿದ್ದೆ. ಮೂರು ಮಳೆಗಾಲ ಹೀಗೆ ಕಳೆದವು. ನನ್ನ ಎಡಗೈ ಹ್ಯಾಂಡ್ ಬ್ರೇಕ್ ಎನ್ನುವುದೊಂದು ಇದೆ ಎಂಬುದನ್ನೇ ಮರೆತಿತ್ತು.

ನಾಲ್ಕನೇ ಮಳೆಗಾಲ ಹಿಡಿಯುವ ಹೊತ್ತಿಗೆ ಮೇಸ್ತ್ರಿಗೆ ಅದೇನು ಅನ್ನಿಸಿತೋ, “ಅಮ್ಮಾವ್ರು ಎಷ್ಟು ದಿನ ಅಂತ ಕಲ್ಲು ಹೊರೂದು? ನಂಗೇ ನಾಚಿಕೆ ಆಗ್ತದೆ,” ಎಂದು ಕಾರನ್ನು ಗ್ಯಾರೇಜಿಗೆ ತರಿಸಿಕೊಂಡರು. ಜೀಪಿನ ಕೇಬಲ್ ಒಂದನ್ನು ಅಳತೆಗೆ ಕತ್ತರಿಸಿ, ತುದಿಗೆ ಹೊಸ ಗುಂಡು ಬೆಸೆದು, ನೀರು ಇಳಿಯದ ಹಾಗೆ ಮೇಲೆ ರಬ್ಬರ್ ಹಾಕಿ ಗ್ರೀಸು ತುಂಬಿದರು. ಹಿಂದಿನ ಬ್ರೇಕು ಪೂರ್ತಿ ಬಿಚ್ಚಿ ಹೊಸದು ಮಾಡಿದರು. ಗ್ಯಾರೇಜಿನ ಏರಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ತಾವೇ ಅದರ ಹಿಂದೆ, ಗಾಲಿಯ ಎದುರಿಗೆ, ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚಿದರು. ಬೀಡಿ ಮುಗಿಯುವವರೆಗೆ ಕೂತಿದ್ದರು. ಅವರು ಯಾವ ಗಾಡಿಗೇ ಬ್ರೇಕ್ ಮಾಡಿದರೂ ಹೀಗೆ ಕೂತು ತೋರಿಸಿಯೇ ಕೀ ಕೊಡುತ್ತಿದ್ದರು.

“ಇನ್ನು ಕಲ್ಲು ಬೇಡ,” ಎಂದು ಕೀ ಕೈಗಿತ್ತರು. “ಇಳಿಯೂ ಮೊದಲು ಎಳೀರಿ, ಅಷ್ಟೇ. ಮರೀಬೇಡಿ ಮತ್ತೆ.”

“ನಾನೇನು ಎಳೆ ಮಗುವಾ ಮೇಸ್ತ್ರಿ?” ಎಂದೆ.

ಅದಾದ ನಾಲ್ಕೇ ದಿನಕ್ಕೆ ಹೊರನಾಡಿನಲ್ಲಿ ನಮ್ಮ ನೆಂಟರ ಮದುವೆ. ಹೆಂಡತಿ ಎರಡು ದಿನ ಮೊದಲೇ ಹೋಗಿದ್ದಳು. ನಾನು ಬೆಳಿಗ್ಗೆ ಅಂಗಡಿ ತೆರೆದು ಅಪ್ಪನನ್ನು ಕೂರಿಸಿ ಒಬ್ಬನೇ ಹೊರಟೆ. ಮಳೆ ಹನಿಯುತ್ತಿತ್ತು. ಕಳಸ ಮುಟ್ಟಿದಾಗ ಹತ್ತು ಗಂಟೆ, ಕಾಫಿ ಕುಡಿಯೋಣವೆನ್ನಿಸಿತು. ಪೇಟೆಯ ಏರಿನಲ್ಲಿ ಒಂದು ಹೋಟೆಲಿನ ಎದುರು ನಿಲ್ಲಿಸಿದೆ. ನಿಲ್ಲಿಸಿದ್ದೇ ತಡ, ಜನ ಸೇರಿದರು. ಆ ಕಾರು ಎಲ್ಲಿ ನಿಂತರೂ ಹಾಗೇ. ಒಬ್ಬ ಯಜಮಾನರು ಬಗ್ಗಿ, “ಇದು ಕಣ್ಣು ಬಿಡ್ತದಂತಲ್ಲ, ಒಂದು ಸಲ ಬಿಡ್ಸಿ ನೋಡುವ,” ಎಂದರು. ಬೇಡ ಎನ್ನುವ ಜಾತಿಯವನೇ ನಾನು? ಗುಂಡಿ ಒತ್ತಿದೆ, ದೀಪ ಎದ್ದವು. ಮತ್ತೆ ಒತ್ತಿದೆ, ಮಲಗಿದವು. ಮೂರು ಸಲ ಮಾಡಿಸಿದರು, ಮೂರು ಸಲವೂ ಮಾಡಿದೆ. ಜನ ಹೋ ಎಂದರು. ನಾನು ಗತ್ತಿನಿಂದ ಗೇರು ನ್ಯೂಟ್ರಲ್ಲಿಗೆ ತಂದು, ಎಂಜಿನ್ ನಿಲ್ಲಿಸಿ, ಇಳಿದು ಹೋಟೆಲಿಗೆ ಹೋದೆ.

ಕಲ್ಲು ಕೊಡಲು ಹೆಂಡತಿ ಇರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆಯಲು ನನ್ನ ಕೈಗೆ ನೆನಪಿರಲಿಲ್ಲ.

ರಸ್ತೆ ಬದಿಯ ಜಲ್ಲಿಗೆ ಗಾಲಿ ತಾಗಿಕೊಂಡು ಕಾರು ಒಂದೆರಡು ನಿಮಿಷ ನಿಂತಿತ್ತಂತೆ. ಕಾಫಿ ಬಂದಿತ್ತು, ಇನ್ನೂ ಲೋಟ ಎತ್ತಿರಲಿಲ್ಲ. ಹೊರಗೆ ಜನ ಕೂಗಿಕೊಂಡರು. ಓಡಿ ಬಂದು ನೋಡುತ್ತೇನೆ, ಕಾರು ಹಿಂದೆ ಹಿಂದೆ ಉರುಳಿ, ಕೆಳಗೆ ಹೂ ಮಾರುತ್ತಿದ್ದ ಹೆಂಗಸಿನ ಬುಟ್ಟಿಯ ಮೇಲೆ ಹತ್ತಿ, ಅವಳನ್ನು ಕಟ್ಟೆಗೆ ಒತ್ತಿ ನಿಂತಿದೆ. ಅವಳ ಕಾಲು... ಬೇಡ. ಅದನ್ನು ಬರೆಯಲಾರೆ.

ಆಗ ನಾನು ಮಾಡಿದ್ದೇನು ಗೊತ್ತೇ? ಎಲ್ಲರೂ ಅವಳನ್ನು ಬಿಡಿಸಲು ನುಗ್ಗಿದರು. ನಾನು ಕಾರಿನ ಬಾಗಿಲು ತೆರೆದು ಹ್ಯಾಂಡ್ ಬ್ರೇಕ್ ಎಳೆದೆ. ಕಾರು ಇನ್ನೂ ಉರುಳದಿರಲಿ ಎಂದು ಎಳೆದೆನೋ, ಆಮೇಲೆ ನೋಡಿದವರಿಗೆ ಮೊದಲೇ ಎಳೆದಿತ್ತು ಎಂದು ಕಾಣಲಿ ಎಂದು ಎಳೆದೆನೋ, ಹೊರನಾಡಿನ ದೇವಸ್ಥಾನದ ಅಮ್ಮನ ಮುಂದೆ ನಿಲ್ಲಿಸಿದರೂ ನಾನು ಆಣೆ ಮಾಡಿ ಹೇಳಲಾರೆ. ಆಮೇಲೆ ಅವಳನ್ನು ಎತ್ತಿ ಯಾರದೋ ಜೀಪಿನಲ್ಲಿ ಮಲಗಿಸಿದೆವು. ಕಾರಿನೊಳಗೆ ಇಣುಕಿದ ಒಬ್ಬರು, “ಹ್ಯಾಂಡ್ ಬ್ರೇಕ್ ಎಳೆದೇ ಉಂಟಲ್ಲ! ಬ್ರೇಕ್ ಯಾವಾಗ ಮಾಡ್ಸಿದ್ದು?” ಎಂದು ಕೇಳಿದರು.

“ಮೊನ್ನೆ ತಾನೇ,” ಎಂದೆ. “ಮೇಸ್ತ್ರಿ ಮಾಡಿಕೊಟ್ಟಿದ್ದು.”

ಇಷ್ಟೇ ನಾನು ಹೇಳಿದ್ದು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಉಳಿದದ್ದನ್ನು ಜನ ಹೇಳಿಕೊಂಡರು. ಸಂಜೆಯ ಬಸ್ಸಿಗೆ ಆ ಮಾತು ನನಗಿಂತ ಮೊದಲೇ ಮೂಡಿಗೆರೆ ಮುಟ್ಟಿತ್ತು.

ಮರುದಿನ ಹೆಂಡತಿ ಹೊರನಾಡಿನಿಂದ ಬಂದಳು. ಚೀಲ ಕೆಳಗಿಡುತ್ತಾ, “ನಾನಿರ್ಲಿಲ್ವಲ್ಲ, ಕಲ್ಲು ಯಾರು ಕೊಟ್ರು?” ಎಂದಳು. ಅವಳು ಚುಚ್ಚಲಿಕ್ಕೆ ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನಗೆ ಎಲ್ಲಿತ್ತೋ ಸಿಟ್ಟು, “ಹ್ಯಾಂಡ್ ಬ್ರೇಕ್ ಇರುವಾಗ ಕಲ್ಲು ಯಾಕೇ ನಿಂಗೆ? ಮನೆಯವಳೇ ಪೊಲೀಸಾಗ್ತೀಯಾ?” ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಅವಳಿಗೆ ಆಗಲೇ ಗೊತ್ತಾಯಿತು. ಆ ಕಾರಿನಲ್ಲಿ ಮತ್ತೆ ಅವಳು ಕೂರಲಿಲ್ಲ.

ಮೇಸ್ತ್ರಿ ಆ ಹೊತ್ತಿಗೆ ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗಿ ಹೂವಿನ ಹೆಂಗಸನ್ನು ನೋಡಿಕೊಂಡು ಬಂದಿದ್ದರು. ಚಿಕಿತ್ಸೆಯ ಖರ್ಚೆಲ್ಲ ನಾನು ವಹಿಸಿಕೊಂಡಿದ್ದೆ, ಕೇಸು ಕೋರ್ಟು ಏನೂ ಆಗಲಿಲ್ಲ. ಜನ ನನ್ನನ್ನು ದೊಡ್ಡ ಮನಸ್ಸಿನವನು ಎಂದರು! ಮೇಸ್ತ್ರಿ ನೇರ ನಮ್ಮ ಶೆಡ್ಡಿಗೆ ಬಂದು, ಎಳೆದು ತಂದಿಟ್ಟಿದ್ದ ಕಾರಿನ ಮುಂದೆ ನಿಂತರು. ಮುಖ ಬಾಡಿತ್ತು.

“ನೀವು ಇಳಿಯೂ ಮೊದಲು ಎಳೆದಿದ್ರಿ ಅಲ್ವಾ?” ಎಂದು ಕೇಳಿದರು.

ಹೇಳಬಹುದಿತ್ತು. ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಮೇಸ್ತ್ರಿ ನನ್ನನ್ನು ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಹೋಗಲಿ ಬಿಡಿ ಮಾರಾಯ್ರೇ ಎನ್ನುತ್ತಿದ್ದರೇನೋ. ಆದರೆ ಒಮ್ಮೆ ಒಪ್ಪಿಕೊಂಡರೆ ಆ ಹೆಂಗಸಿನ ಕಾಲು ಮುರಿದವನು ನಾನೇ ಆಗುತ್ತಿದ್ದೆ. ಗಲ್ಲಾದ ಮೇಲೆ ಹೇಗೆ ಕೂರುವುದು, ಅಪ್ಪನ ಮುಖ ಹೇಗೆ ನೋಡುವುದು...

“ಎಳೆಯದೆ ಇಳೀತೀನಾ? ನಿಮ್ಮ ಕೆಲಸ ನೋಡ್ಕೊಳ್ಳಿ ಮೊದಲು,” ಎಂದೆ.

ಅವರು ತಲೆಯಾಡಿಸಿ ಕಾರಿನ ಕೆಳಗೆ ಮಲಗಿದರು.

ಆಮೇಲೆ ಪ್ರತಿ ಭಾನುವಾರ ಬಂದರು. ಕೇಬಲ್ ಬಿಚ್ಚಿ ನೋಡಿದರು, ಮತ್ತೆ ಹಾಕಿದರು. ಡ್ರಮ್ಮು ಬಿಚ್ಚಿದರು. ಅಂಗಳದ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು ಹಿಂದಿನಿಂದ, ಮುಂದಿನಿಂದ ತಳ್ಳಿದರು. ಅದು ಒಂದಿಂಚು ಕದಲಲಿಲ್ಲ. “ಈಗ ಹಿಡೀತದೆ. ಆಗ ಯಾಕೆ ಹಿಡೀಲಿಲ್ಲ?” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದೆ. ಅವರಿಗೆ ನನ್ನ ಮೇಲೆ ಸಂಶಯ ಬರಬಾರದೇ ಎಂದು ಒಂದೊಂದು ಸಲ ಅನ್ನಿಸುತ್ತಿತ್ತು. ಬಂದು ಕತ್ತಿನ ಪಟ್ಟಿ ಹಿಡಿದಿದ್ದರೆ ಬಾಯಿ ಬಿಡುತ್ತಿದ್ದೆ. ಅವರಿಗೆ ಅದು ಹೊಳೆಯಲೇ ಇಲ್ಲ. ಗಿರಾಕಿ ಹೇಳಿದ್ದನ್ನು ನಂಬಿ ಕೆಲಸ ಮಾಡಿದ ಮನುಷ್ಯ.

ಕೊನೆಗೆ ನಾನೇ ತಡೆಯಲಾರದೆ ಕಾರು ಮಾರಲು ನಿಂತೆ. ಹಾಸನದ ಕಡೆಯವರೊಬ್ಬರು ಬಂದು ನೋಡಿ ಒಪ್ಪಿದರು. ವಿಷಯ ತಿಳಿದು ಮೇಸ್ತ್ರಿ ಅಂಗಡಿಗೇ ಬಂದರು. ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ ಅವರು, ಎಣ್ಣೆ ಕೈ ಬಟ್ಟೆಗೆ ತಾಗೀತು ಎಂದು ಯಾವಾಗಲೂ ಕೆಳಗೇ ನಿಲ್ಲುತ್ತಿದ್ದರು. ಆ ದಿನವೂ ಕೆಳಗೇ ನಿಂತು, “ಎಲ್ಲಿ ತಪ್ಪಿದ್ದು ಅಂತ ಸಿಗೂವರೆಗೆ ಮಾರ್ಬೇಡಿ ಮಾರಾಯ್ರೇ. ಒಂದು ತಿಂಗಳು ಕೊಡಿ. ಗೊತ್ತಾಗದೆ ನಾನು ಇನ್ನೊಬ್ಬರ ಗಾಡಿ ಮುಟ್ಟೂದು ಹ್ಯಾಗೆ?” ಎಂದರು.

ಮೂರನೇ ದಿನ ಕಾರು ಲಾರಿ ಹತ್ತಿ ಹೋಯಿತು. ಅವರು ಹುಡುಕುವುದನ್ನು ನಿಲ್ಲಿಸಲಿ ಎಂದೇ ಮಾರಿದೆ. ಕಳಸದಲ್ಲಿ ಆದದ್ದು ಮರೆವು, ಶೆಡ್ಡಿನಲ್ಲಿ ಹೇಳಿದ್ದು ಹೇಡಿತನ. ಇದು ಮಾತ್ರ ನಾನು ಗೊತ್ತಿದ್ದೂ ಗೊತ್ತಿದ್ದೂ ಮಾಡಿದ್ದು.

ಗ್ಯಾರೇಜಿಗೆ ಜನ ಕಡಿಮೆಯಾದರು. ‘ಜೀಪಿನ ಕೇಬಲ್ ಹಾಕಿದ್ನಂತೆ’ ಎಂಬ ಮಾತು ಹೋಟೆಲು ಹೋಟೆಲಿನಲ್ಲಿ ಆಡಿತು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಹಾಕಬಲ್ಲವನು ಒಬ್ಬನೇ ಇದ್ದ, ಅವನು ಗಲ್ಲಾದ ಮೇಲೆ ಕೂತು ಸೀರೆ ಮಡಚುತ್ತಿದ್ದ. ಆದರೆ ಜನ ಬಿಟ್ಟದ್ದಕ್ಕಿಂತ ಹೆಚ್ಚಾಗಿ ಮೇಸ್ತ್ರಿಯೇ ಕೆಲಸ ಬಿಟ್ಟರು. ಹಳೇ ಗಿರಾಕಿಗಳು ಬ್ರೇಕಿಗೆಂದು ಬಂದರೆ, ಬೇರೆ ಕಡೆ ಮಾಡಿಸಿಕೊಳ್ಳಿ ಎಂದು ಕಳಿಸುತ್ತಿದ್ದರಂತೆ. ಎರಡು ವರ್ಷಕ್ಕೆ ಗ್ಯಾರೇಜು ಮುಚ್ಚಿ, ಎಸ್ಟೇಟುಗಳಿಗೆ ಹೋಗಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮಷಿನು, ಪಂಪ್‌ಸೆಟ್ಟು ರಿಪೇರಿ ಮಾಡತೊಡಗಿದರು.

ಒಮ್ಮೆ, ಬಹಳ ವರ್ಷದ ಮೇಲೆ, ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಪ್ಪಿಸಿಕೊಳ್ಳೋಣವೆಂದರೆ ಅವರೇ ನೋಡಿ ನಕ್ಕು ಬಂದರು. ಅಪ್ಪ ತೀರಿಹೋದದ್ದಕ್ಕೆ ಮರುಗಿದರು. ಪಲ್ಪರ್ ಕೆಲಸ ಹೇಗಿದೆ ಎಂದೆ. “ನಿಂತಲ್ಲೇ ತಿರುಗ್ತದೆ, ಎಲ್ಲೂ ಉರುಳಿ ಹೋಗೂದಿಲ್ಲ. ಆರಾಮು,” ಎಂದರು. ಬಸ್ಸು ಬಂತು. ಹತ್ತಲು ಹೋದವರು ತಿರುಗಿ ಬಂದು, ತಗ್ಗಿದ ದನಿಯಲ್ಲಿ, “ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಅವತ್ತು ಹ್ಯಾಂಡ್ ಬ್ರೇಕ್ ಎಷ್ಟು ಹಲ್ಲು ಎಳೆದಿದ್ರಿ? ಕಟ್ ಕಟ್ ಅಂತ ಶಬ್ದ ಬರ್ತದಲ್ಲ, ಮೂರಾ, ನಾಲ್ಕಾ?” ಎಂದರು.

ದೇವರು ಎರಡನೇ ಸಲ ಬಾಗಿಲು ತೆರೆದು ನಿಂತಿದ್ದ. ನಾನು “ಐದು” ಎಂದೆ. ಒಂದು ಸಂಖ್ಯೆ ಕೊಟ್ಟರೆ ಹೋಗಿಬಿಡುತ್ತಾರೆ ಎಂದು ಕೊಟ್ಟೆ.

“ಐದಾ...” ಎಂದರು. ಬೆರಳಲ್ಲಿ ಎಣಿಸಿಕೊಂಡರು. “ಐದಂದ್ರೆ ಹಿಡೀಬೇಕಿತ್ತು.” ಬಸ್ಸು ಹೊರಟಿತು, ಓಡಿ ಹತ್ತಿಕೊಂಡರು.

ಮೂರು ವರ್ಷದ ಹಿಂದೆ ಅವರು ಹೋದ ಸುದ್ದಿ ಬಂತು. ಮಣ್ಣಿಗೆ ನಾನು ಹೋಗಲಿಲ್ಲ, ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಎಂದು ಹೆಂಡತಿಗೆ ಹೇಳಿದೆ. ಅಂಗಡಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅವಳು ಒಬ್ಬಳೇ ಹೋಗಿಬಂದಳು.

ಬೀರುವಿನ ಬಾಗಿಲು ಮುಚ್ಚಿದ ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಮುಂದಿಟ್ಟು, “ಹೋಗಿ ಬನ್ನಿ,” ಎಂದಳು. ಎಲ್ಲಿಗೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೇಸ್ತ್ರಿಯ ಮನೆ ಪೇಟೆಯಿಂದ ಎರಡು ಮೈಲಿ. ಅವರ ಹೆಂಡತಿ ಒಬ್ಬರೇ ಇದ್ದರು, ಜಗಲಿಯಲ್ಲಿ ಮೆಣಸಿನ ಕಾಳು ಆರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ಚಾಪೆ ಹಾಕಿದರು. ಏನು ಎತ್ತ ಎಂದು ವಿಚಾರಿಸಿದರು. ಆಮೇಲೆ ಅವರೇ ಹೇಳಿದರು: “ಕೊನೇಗೂ ಅವ್ರಿಗೆ ನಿಮ್ಮ ಕಾರಿಂದೇ ಚಿಂತೆ. ಜ್ವರ ಬಂದ್ರೂ ಅದೇ. ‘ಐದು ಹಲ್ಲು ಎಳೆದಿದ್ರಂತೆ ಕಣೇ, ಆದ್ರೂ ಹೋಯ್ತಲ್ಲ, ನಾನೆಲ್ಲಿ ತಪ್ಪಿದೆ?’ ಅಂತ. ನಂಗೆ ಗಾಡಿ ವಿಷ್ಯ ಎಂಥ ಗೊತ್ತು? ಆದ್ರೆ ಆ ಐದು ಮಾತ್ರ ಬಾಯಿಪಾಠ ಆಗಿಹೋಗಿದೆ.”

ನಾನು ಹೇಳಿದೆ. ಎಳೆದಿರಲಿಲ್ಲ ಎಂದೆ. ಎಲ್ಲವನ್ನೂ ಹೇಳಿದೆ, ಲಾರಿ ಹತ್ತಿಸಿ ಕಳಿಸಿದ್ದನ್ನೂ. ಅತ್ತುಬಿಟ್ಟೆ. ಆ ವಯಸ್ಸಾದ ಹೆಂಗಸಿನ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಮೊರದಲ್ಲಿದ್ದ ಮೆಣಸಿನಲ್ಲಿ ಸುಮ್ಮನೆ ಕೈಯಾಡಿಸುತ್ತಿದ್ದರು. ಆಮೇಲೆ, “ನಂಗೆ ಯಾಕೆ ಹೇಳ್ತೀರಿ?” ಎಂದರು. “ಅವ್ರ ಕೈ ತಪ್ಪಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ದೆ ಇದ್ದದ್ದು ಅವ್ರಿಗೆ ಮಾತ್ರ. ನಿಮ್ಮ ಮೇಲೆ ಒಂದಿನ ಸಂಶಯ ಪಟ್ಟಿದ್ರೂ ಆ ಮನುಷ್ಯ ನಿದ್ದೆ ಮಾಡ್ತಿದ್ರು.”

“ನಾನೇನು ಮಾಡ್ಲಿ ಅಮ್ಮಾ ಈಗ?” ಎಂದೆ.

“ಊರಿಗೆ ಹೇಳಿ. ಊರಲ್ಲೇ ಅಲ್ವಾ ನೀವು ಹೇಳಿದ್ದು,” ಎಂದರು. ನಾನು ಎದ್ದು ಅಂಗಳಕ್ಕಿಳಿದ ಮೇಲೆ ಮತ್ತೆ ಕರೆದು, “ಹೇಳೂವಾಗ ಅವ್ರ ಹೆಸ್ರು ಎತ್ಬೇಡಿ. ಮೇಸ್ತ್ರಿ ಅನ್ನಿ, ಸಾಕು. ಗೊತ್ತಿದ್ದೋರಿಗೆ ಗೊತ್ತಾಗ್ತದೆ,” ಎಂದರು. ಕಾಫಿ ಕುಡಿದು ಹೋಗಿ ಎನ್ನಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಆ ಮಾತು ಹೇಳದೆ ಕಳಿಸಿದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ.

ವಾಪಸು ಬರುವಾಗ ಎಂದಿನ ಹೋಟೆಲಿಗೆ ಹೋಗಿ ಅಲ್ಲಿದ್ದವರಿಗೆ ಹೇಳಿದೆ. ಒಬ್ಬ, “ಯಾವ ಮೇಸ್ತ್ರಿ?” ಎಂದ. ಇನ್ನೊಬ್ಬ, “ಅಯ್ಯೋ, ಆ ಕಾಲದ್ದು ಈಗ್ಯಾಕೆ ಬಿಡು ಮಾರಾಯ,” ಎಂದು ನನ್ನ ಬೆನ್ನು ತಟ್ಟಿದ. ಅದಕ್ಕೇ ಇದನ್ನು ಬರೆಯಲು ಕೂತೆ. ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆ ಅವರ ಕೈಯಲ್ಲಿ ಗಾಡಿ ಮಾಡಿಸಿಕೊಂಡವರು ಇನ್ನೂ ಯಾರಾದರೂ ಇದ್ದರೆ ದಯವಿಟ್ಟು ಓದಿ. ಮೇಸ್ತ್ರಿ ಮಾಡಿದ ಬ್ರೇಕು ಸರಿಯಾಗಿತ್ತು. ಅದನ್ನು ಎಳೆಯದೆ ಇಳಿದವನು ನಾನು. ಎರಡು ಸಲ ಅವರು ನನ್ನ ಎದುರಿಗೇ ನಿಂತು ಕೇಳಿದ್ದರು, ಎರಡು ಸಲವೂ ಹೇಳಲಿಲ್ಲ. ಈಗ ಹೇಳಿದ್ದೇನೆ. ಕೇಳಿದವರು ಇಲ್ಲ.